ಓದುಗರ ಪ್ರಶ್ನೆ: ಸಾಫ್ಟ್‌ವೇರ್ ಸರಿ ಅಂದರೆ ಸಂಬಳ ಸರಿಯೇ?

ಸಂಬಳ, ಓಟಿ (ಹೆಚ್ಚುವರಿ ಗಂಟೆಯ ಕೆಲಸದ ಸಂಬಳ), ಬೇಸಿಕ್ (ಮೂಲ ವೇತನ), ತುಟ್ಟಿಭತ್ಯೆ ಅಂತ ಪತ್ರಗಳು ರಾಶಿ ಬಿದ್ದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಬರೆದವರಲ್ಲಿ ಮಾಲೀಕರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ, ಸಂಬಳ ಎಣಿಸಿಕೊಳ್ಳುವವರೂ ಇದ್ದಾರೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಮೊದಲೇ ಒಂದು ಮಾತು. ಕೆಳಗೆ ಎಲ್ಲ ಕಡೆ ತಿಂಗಳಿಗೆ 15,600 ರೂಪಾಯಿ ಕನಿಷ್ಠ ವೇತನ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. 26ರಿಂದ ಭಾಗಿಸಿದರೆ ದಿನಕ್ಕೆ ಸರಿಯಾಗಿ 600 ಬರುತ್ತದೆ, ಅಷ್ಟಕ್ಕೇ. ಇದು ಯಾವ ಉದ್ದಿಮೆಯ ನಿಜವಾದ ದರವೂ ಅಲ್ಲ. ನಿಮ್ಮ ದರವನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲೇ ನೋಡಿ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ, 22 ಜನ ಕೆಲಸಗಾರರು. ಟ್ಯಾಲಿಯಲ್ಲಿ ಸಂಬಳ ಮಾಡುತ್ತೇವೆ. ಇದುವರೆಗೆ ಒಂದು ಎರರ್ ಕೂಡ ತೋರಿಸಿಲ್ಲ. ಈಗ ಆಡಿಟರ್ 'ಮಿನಿಮಮ್ ವೇಜಸ್ ಚೆಕ್ ಮಾಡಿದ್ದೀರಾ' ಅಂತ ಕೇಳುತ್ತಿದ್ದಾರೆ. ಸಾಫ್ಟ್‌ವೇರೇ ಮಾಡಿದ ಲೆಕ್ಕ ಅಲ್ವಾ, ಮತ್ತೆ ಏನು ಚೆಕ್ ಮಾಡಬೇಕು?
— ಮಾಲೀಕರು, ಪೀಣ್ಯ

ಉತ್ತರ: ಎರರ್ ಬಂದಿಲ್ಲ ಅಂದರೆ ಕೂಡಿಸಿ ಕಳೆದದ್ದು ಸರಿ ಇದೆ ಅಂತ, ಅಷ್ಟೇ. ನೀವು ಬೇಸಿಕ್ 9,000 ಅಂತ ಹಾಕಿದರೆ ಅದು 9,000ಕ್ಕೆ ಲೆಕ್ಕ ಮಾಡುತ್ತದೆ. ಆ 9,000 ಸಾಕಾ, ಸಾಲದಾ ಅಂತ ಅದಕ್ಕೆ ತಿಳಿಯಬೇಕಾದರೆ ದರವನ್ನು ಯಾರಾದರೂ ಅದರೊಳಗೆ ತುಂಬಿರಬೇಕು. ಕೆಲವು ಎಚ್‌ಆರ್ ಸಾಫ್ಟ್‌ವೇರ್‌ಗಳಲ್ಲಿ ದರದ ಪಟ್ಟಿ ಹಾಕಿದರೆ ಕಡಿಮೆ ಇದ್ದ ಕಡೆ ಎಚ್ಚರಿಸುವ ಸೌಲಭ್ಯ ಇರುತ್ತದೆ. ಆದರೆ ಅಲ್ಲೂ 'ಈ ಮನುಷ್ಯ ಯಾವ ಸಾಲಿಗೆ ಸೇರುತ್ತಾನೆ' ಅಂತ ಹೇಳಬೇಕಾದವರು ನೀವೇ.

ಆ ಸಾಲು ಹುಡುಕುವುದೇ ನಿಜವಾದ ಕೆಲಸ. ಕರ್ನಾಟಕದಲ್ಲಿ ಉದ್ದಿಮೆಗೊಂದು ದರಪಟ್ಟಿ ಇರುತ್ತದೆ: ಎಂಜಿನಿಯರಿಂಗ್‌ಗೆ ಒಂದು, ಹೋಟೆಲ್‌ಗೆ ಒಂದು, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗೆ ಇನ್ನೊಂದು. ಅದರೊಳಗೆ ವಲಯ. ಅದರೊಳಗೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. ವಲಯ ನೋಡುವಾಗ ಕೆಲಸ ಮಾಡುವ ಜಾಗ ನೋಡಿ, ಹೆಡ್ ಆಫೀಸಿನ ವಿಳಾಸ ಅಲ್ಲ. ಹಾಗೆಯೇ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಮುಖ್ಯ. ನಿಮ್ಮಂಥ ಶೆಡ್‌ಗಳಲ್ಲಿ ಪದೇ ಪದೇ ಕಾಣುವುದು ಇದು: ಹುಡುಗ ಹೆಲ್ಪರ್ ಆಗಿ ಸೇರಿರುತ್ತಾನೆ, ಎರಡು ವರ್ಷದಲ್ಲಿ ವೆಲ್ಡಿಂಗ್ ಕಲಿತು ಈಗ ಒಬ್ಬನೇ ಗೇಟು ಗ್ರಿಲ್ ಎಲ್ಲ ಮುಗಿಸುತ್ತಾನೆ, ಆದರೆ ಟ್ಯಾಲಿಯ ಎಂಪ್ಲಾಯಿ ಮಾಸ್ಟರ್‌ನಲ್ಲಿ ಇನ್ನೂ 'ಹೆಲ್ಪರ್' ಅಂತಲೇ ಇರುತ್ತಾನೆ. ಸಾಫ್ಟ್‌ವೇರ್ ಅವನನ್ನು ಹೆಲ್ಪರ್ ದರಕ್ಕೆ ಹೋಲಿಸಿ 'ಓಕೆ' ಅನ್ನುತ್ತದೆ. ಇನ್ಸ್‌ಪೆಕ್ಟರ್ ಬಂದು ಮಾಸ್ಕ್ ಹಾಕಿಕೊಂಡು ವೆಲ್ಡ್ ಮಾಡುತ್ತಿರುವವನನ್ನೇ ನೋಡಿದರೆ ಹಾಗನ್ನುವುದಿಲ್ಲ.

ಈಗ ಮಾಡಬೇಕಾದ್ದು. ತಿಂಗಳ ಪೇ ಶೀಟನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ. ಪ್ರತಿ ಹೆಸರಿನ ಮುಂದೆ ಕೆಲಸದ ಜಾಗ, ನಿಜವಾದ ಕೆಲಸದ ದರ್ಜೆ, ಸಂಬಳಕ್ಕೆ ಲೆಕ್ಕವಾದ ದಿನ, ಆ ತಿಂಗಳು ಬಂದ ಬೇಸಿಕ್ ಮತ್ತು ತುಟ್ಟಿಭತ್ಯೆ ಇರಲಿ. ಪಕ್ಕದ ಕಾಲಂನಲ್ಲಿ ಅಧಿಸೂಚನೆಯ ದರ ಹಾಕಿ, ಅದನ್ನು ಅವರ ದಿನಗಳಿಗೆ ತಕ್ಕಂತೆ ಇಳಿಸಿ. ಕೊನೆಯ ಕಾಲಂನಲ್ಲಿ ಕೊಟ್ಟದ್ದರಿಂದ ಕೊಡಬೇಕಾದ್ದನ್ನು ಕಳೆಯಿರಿ. ಮೈನಸ್ ಬಂದ ಸಾಲುಗಳನ್ನು ಫಿಲ್ಟರ್ ಮಾಡಿದರೆ ಮುಗಿಯಿತು. 22 ಜನಕ್ಕೆ ಇದು ಒಂದು ಮಧ್ಯಾಹ್ನದ ಕೆಲಸ. ಆದರೆ ಗ್ರಾಸ್, ಅಂದರೆ ಭತ್ಯೆಯೆಲ್ಲ ಸೇರಿದ ಒಟ್ಟು ಸಂಬಳ, ಇಟ್ಟುಕೊಂಡು ಹೋಲಿಸಬೇಡಿ. ಯಾಕೆ ಅನ್ನುವುದು ಮುಂದೆ ಹುಬ್ಬಳ್ಳಿಯವರ ಪ್ರಶ್ನೆಯಲ್ಲಿ ಬರುತ್ತದೆ.

ಇನ್ನೊಂದು ವಿಷಯ, ಆಡಿಟರ್ ಬಹುಶಃ ಇದಕ್ಕೇ ಕೇಳಿದ್ದು. 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಹಳೆ ಕಾಯ್ದೆಯಡಿ ಹೊರಟ ದರದ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಹಾಗಾಗಿ 'ಹೊಸ ಕಾನೂನು ಬಂತು, ಹಳೆ ರೇಟು ಬಿದ್ದುಹೋಯಿತು' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ನಾನು ಅಕೌಂಟ್ಸ್ ಅಸಿಸ್ಟೆಂಟ್. ಒಂದು ದಿನದ ಸಂಬಳ ತೆಗೆಯಲು ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕಾ, 30ರಿಂದಲಾ? ನಮ್ಮಲ್ಲಿ ಹಿಂದಿನವರು 30 ಇಟ್ಟಿದ್ದರು. ಈಗಿನ ಮ್ಯಾನೇಜರ್ 'ಏನಾದ್ರೂ ಇಡು, ಕೊನೆಗೆ ಎಲ್ಲ ಒಂದೇ' ಅನ್ನುತ್ತಾರೆ.
— ದಾವಣಗೆರೆ

ಉತ್ತರ: ಒಂದೇ ಅಲ್ಲ ಸ್ವಾಮಿ. ಇದೊಂದು ಸೆಟ್ಟಿಂಗ್‌ನಲ್ಲಿ ಹೋಗುವಷ್ಟು ದುಡ್ಡು ಬೇರೆಲ್ಲೂ ಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮ ರಾಜ್ಯದ ಲೆಕ್ಕದಲ್ಲಿ ತಿಂಗಳ ಕನಿಷ್ಠ ವೇತನವನ್ನು 26ರಿಂದ ಭಾಗಿಸಿದರೆ ದಿನದ ದರ. ವಾರದ ರಜೆಯ ಸಂಬಳ ಅದರೊಳಗೇ ಸೇರಿದೆ. 15,600 ಆದರೆ ದಿನಕ್ಕೆ 600. 30ರಿಂದ ಭಾಗಿಸಿದರೆ 520.

30 ಇಟ್ಟುಕೊಂಡು ಭಾನುವಾರಕ್ಕೂ ಸಂಬಳ ಕೊಟ್ಟು, ಬರದ ದಿನಕ್ಕೆ ಮಾತ್ರ 520 ಕಳೆದರೆ ಕೆಲಸಗಾರನಿಗೆ ನಷ್ಟ ಇಲ್ಲ. 26 ಕೆಲಸದ ದಿನದ ತಿಂಗಳಲ್ಲಿ ಮೂರು ದಿನ ಬರದಿದ್ದವನಿಗೆ 14,040 ಸಿಗುತ್ತದೆ. 26ರ ಲೆಕ್ಕದಲ್ಲಿ ಅವನ 23 ದಿನಕ್ಕೆ 13,800 ಬರುತ್ತಿತ್ತು. ತೊಂದರೆ ಆಗುವುದು ಎರಡನ್ನೂ ಬೆರೆಸಿದಾಗ. ಭಾಗಿಸುವುದು 30ರಿಂದ, ಎಣಿಸುವುದು ಬಂದ ದಿನ ಮಾತ್ರ. ಆಗ ಅದೇ 23 ದಿನಕ್ಕೆ 11,960. ಒಂದು ದಿನವೂ ತಪ್ಪಿಸದೆ 26 ದಿನ ಬಂದವನಿಗೂ 13,520, ಅಂದರೆ 2,080 ಕಡಿಮೆ! ಬಯೊಮೆಟ್ರಿಕ್ ಮಷಿನ್‌ನಿಂದ ಹಾಜರಾತಿ ನೇರ ಸಾಫ್ಟ್‌ವೇರ್‌ಗೆ ಬರುವ ಕಡೆ ಇದು ಸುಲಭವಾಗಿ ಆಗಿಬಿಡುತ್ತದೆ, ಯಾಕೆಂದರೆ ಮಷಿನ್‌ಗೆ ಭಾನುವಾರ ಯಾರೂ ಬೆರಳು ಒತ್ತುವುದಿಲ್ಲ.

ಟ್ಯಾಲಿಯಲ್ಲಿ ಸಂಬಳದ ಒಂದೊಂದು ಬಾಬ್ತಿಗೆ 'ಪೇ ಹೆಡ್' ಅನ್ನುತ್ತಾರೆ, ಬೇಸಿಕ್‌ನ ಪೇ ಹೆಡ್ ತೆರೆಯಿರಿ. ಕ್ಯಾಲ್ಕುಲೇಷನ್ ಟೈಪ್ 'ಆನ್ ಅಟೆಂಡೆನ್ಸ್' ಅಂತ ಇದ್ದರೆ ಕೆಳಗೆ 'ಪರ್ ಡೇ ಕ್ಯಾಲ್ಕುಲೇಷನ್ ಬೇಸಿಸ್' ಅಂತ ಬರುತ್ತದೆ. ಅಲ್ಲಿ 'ಆಸ್ ಪರ್ ಕ್ಯಾಲೆಂಡರ್ ಪೀರಿಯಡ್' ಇದ್ದರೆ ಜನವರಿಯಲ್ಲಿ 31ರಿಂದ, ಫೆಬ್ರವರಿಯಲ್ಲಿ 28ರಿಂದ ಭಾಗಿಸುತ್ತದೆ. 'ಯೂಸರ್ ಡಿಫೈನ್ಡ್' ಆರಿಸಿದರೆ 26 ಅಂತ ಕೊಡಬಹುದು.

ಆದರೆ 26 ಕೊಟ್ಟು ಸುಮ್ನೆ ಎದ್ದು ಹೋಗಬೇಡಿ. ಫೆಬ್ರವರಿ ತಗೊಳ್ಳಿ. 28 ದಿನ, ನಾಲ್ಕು ಭಾನುವಾರ, 24 ಕೆಲಸದ ದಿನ. ತಿಂಗಳ ಸಂಬಳದವನು ಎಲ್ಲ ದಿನ ಬಂದಿದ್ದಾನೆ. ಸಾಫ್ಟ್‌ವೇರ್ 24ನ್ನು 600ರಿಂದ ಗುಣಿಸಿ 14,400 ಕೊಡುತ್ತದೆ. ತಿಂಗಳ ಕನಿಷ್ಠ ವೇತನ 15,600. ಒಂದು ದಿನವೂ ರಜೆ ಹಾಕದವನಿಗೆ 1,200 ಖೋತಾ. ದಿನಗೂಲಿಯವರಿಗೆ ಬಂದಷ್ಟು ದಿನಕ್ಕೆ 600 ಸರಿ. ತಿಂಗಳ ಸಂಬಳದವರಿಗೆ ಮಾತ್ರ ಹಾಜರಾತಿ ಎಣಿಸುವ ಬದಲು ಗೈರುಹಾಜರಿ ಕಳೆಯುವ ಹಾಗೆ ಇಡಿ. ಅದೇ ಪೇ ಹೆಡ್‌ನಲ್ಲಿ 'ಲೀವ್ ವಿತೌಟ್ ಪೇ' ಆರಿಸಲು ಅವಕಾಶ ಇದೆ. ಆಗ ಫೆಬ್ರವರಿ ಇರಲಿ, 27 ಕೆಲಸದ ದಿನದ ತಿಂಗಳಿರಲಿ, ಪೂರ್ತಿ ಬಂದವನಿಗೆ ಪೂರ್ತಿ ಸಂಬಳ.

ಓಟಿಯಲ್ಲೂ ಇದೇ ಕಥೆ. ಎಂಟು ಗಂಟೆಯ ದಿನ ಅಂದರೆ 600ಕ್ಕೆ ಗಂಟೆಗೆ 75, ಓಟಿ ಅದರ ಎರಡರಷ್ಟು, 150. 520ರಿಂದ ಹೊರಟರೆ ಗಂಟೆಗೆ 65, ಓಟಿ 130. ತಿಂಗಳಿಗೆ 40 ಗಂಟೆ ಓಟಿ ಮಾಡಿದವನಿಗೆ 800 ರೂಪಾಯಿ ಹೋಯಿತು. ಕ್ಯಾಲೆಂಡರ್ ಲೆಕ್ಕ ಇಟ್ಟ ಕಡೆ ಇನ್ನೂ ತಮಾಷೆ: 31 ದಿನದ ತಿಂಗಳಲ್ಲಿ ಓಟಿ ದರ ಇಳಿಯುತ್ತದೆ, ಫೆಬ್ರವರಿಯಲ್ಲಿ ಏರುತ್ತದೆ. ಅದೇ ಮಷಿನ್, ಅದೇ ಮನುಷ್ಯ, ಅದೇ ಕೆಲಸ. ನಿಮ್ಮ ಮ್ಯಾನೇಜರ್‌ಗೆ ಎರಡು ತಿಂಗಳ ಸ್ಲಿಪ್ ಪಕ್ಕಪಕ್ಕ ಇಟ್ಟು ತೋರಿಸಿ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಒಬ್ಬ ಕೆಲಸಗಾರನ ಗ್ರಾಸ್ 18,000. ಬೇಸಿಕ್ 7,000, ಮನೆ ಬಾಡಿಗೆ ಭತ್ಯೆ 7,000, ಓಡಾಟದ ಭತ್ಯೆ 4,000. ಸಾಹೇಬ್ರು 'ಮಿನಿಮಮ್ 15,600, ನಾವು 18,000 ಕೊಡ್ತೀವಿ, ಮತ್ತೇನು' ಅಂತಾರೆ. ಪಿಎಫ್ ಉಳಿಸಲು ಹೀಗೆ ಒಡೆದಿದ್ದಾರೆ ಅಂತ ನನಗೆ ಗೊತ್ತು. ಕಾನೂನು ಏನು ಹೇಳುತ್ತದೆ?
— ಎಚ್‌ಆರ್ ಹುಡುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಸಾಹೇಬರ ಮಾತಿನಲ್ಲಿ ಒಂದು ಕಾಲಕ್ಕೆ ಸ್ವಲ್ಪ ಹುರುಳಿತ್ತು. 1948ರ ಕಾಯ್ದೆಯಲ್ಲಿ 'ವೇತನ' ಅಂದರೆ ಮನೆ ಬಾಡಿಗೆ ಭತ್ಯೆಯೂ ಸೇರಿತ್ತು. ಆದರೂ ಓಡಾಟದ ಭತ್ಯೆ ಹೊರಗೇ ಇತ್ತು, ಹಾಗಾಗಿ ಆಗಲೂ ಲೆಕ್ಕಕ್ಕೆ ಬರುತ್ತಿದ್ದುದು 14,000 ಮಾತ್ರ.

ವೇತನ ಸಂಹಿತೆಯಲ್ಲಿ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓಟಿ, ಮಾಲೀಕರು ಕಟ್ಟುವ ಪಿಎಫ್, ಬೋನಸ್ ಎಲ್ಲ ವೇತನದ ಹೊರಗೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು. ನಿಮ್ಮ ಲೆಕ್ಕ ಹಾಕೋಣ. ಹೊರಗಿರುವುದು 7,000 ಮತ್ತು 4,000, ಒಟ್ಟು 11,000. 18,000ದ ಅರ್ಧ 9,000. ದಾಟಿದ್ದು 2,000. ಬೇಸಿಕ್ 7,000ಕ್ಕೆ ಅದನ್ನು ಸೇರಿಸಿದರೆ ವೇತನ 9,000. ಕನಿಷ್ಠ ವೇತನ 15,600 ಅಂದರೆ 6,600 ಕೊರತೆ. ಗ್ರಾಸ್ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಕೆಲವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಸಿಟಿಸಿಯನ್ನೇ, ಅಂದರೆ ಆ ಕೆಲಸಗಾರನಿಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚನ್ನೇ, ದರದ ಜೊತೆ ಹೋಲಿಸುತ್ತಾರೆ. ಮಾಲೀಕರ ಪಾಲಿನ ಪಿಎಫ್, ಇಎಸ್‌ಐಯ (ಕಾರ್ಮಿಕರ ವಿಮೆ) 3.25 ಪರ್ಸೆಂಟ್, ಎಲ್ಲ ಸೇರಿಸಿ 'ನೋಡಿ, ದಾಟಿತು' ಅಂತ. ಅದು ಕೆಲಸಗಾರನ ವೇತನವೇ ಅಲ್ಲ.

ದಾರಿ ಸರಳ. ಬೇಸಿಕ್ ಮತ್ತು ತುಟ್ಟಿಭತ್ಯೆ ಎರಡೇ ಸೇರಿ ಅಧಿಸೂಚನೆಯ ದರ ಮುಟ್ಟುವ ಹಾಗೆ ಇಡಿ. ಅದರ ಮೇಲೆ ಬೇಕಾದ ಭತ್ಯೆ ಕೊಡಿ. ಆಗ ಯಾವ ವ್ಯಾಖ್ಯಾನ ಬಂದರೂ ನಿಮ್ಮ ಶೀಟ್ ಅಲುಗುವುದಿಲ್ಲ. ಪಿಎಫ್ ಜಾಸ್ತಿ ಆಗುತ್ತದೆ, ನಿಜ. ಸಾಹೇಬರಿಗೆ ಇಷ್ಟ ಆಗದು, ಅದೂ ನಿಜ.

ಪ್ರಶ್ನೆ: ಪ್ರತಿ ಏಪ್ರಿಲ್ ತುಟ್ಟಿಭತ್ಯೆ ಬದಲಾದಾಗ ನಮಗೆ ಗೊಂದಲ. ಈ ಸಲ ಜೂನ್‌ನಲ್ಲಿ ಸರಿ ಮಾಡಿದೆವು. ಮಾಡಿದ ಮೇಲೆ ಹಳೆ ತಿಂಗಳ ಸ್ಲಿಪ್ ತೆಗೆದರೆ ಅದರಲ್ಲೂ ಹೊಸ ಅಂಕಿ ಬರುತ್ತಿದೆ! ಮತ್ತೆ, ಕನಿಷ್ಠಕ್ಕಿಂತ ಜಾಸ್ತಿ ಸಂಬಳ ಇರುವವರಿಗೂ ತುಟ್ಟಿಭತ್ಯೆ ಏರಿಸಲೇಬೇಕಾ?
— ಮೈಸೂರು

ಉತ್ತರ: ಮೊದಲು ಸ್ಲಿಪ್ ವಿಷಯ. ನೀವು ಹಳೆ ಸಾಲಿನ ಮೇಲೇ ಹೊಸ ಅಂಕಿ ಬರೆದಿದ್ದೀರಿ. ಸ್ಯಾಲರಿ ಡೀಟೇಲ್ಸ್‌ನಲ್ಲಿ 'ಎಫೆಕ್ಟಿವ್ ಫ್ರಮ್' ಅಂತ ತಾರೀಖು ಇರುವುದು ಇದಕ್ಕೇ. ಹಳೆ ಸಾಲು ಹಾಗೇ ಬಿಟ್ಟು, ಏಪ್ರಿಲ್ 1ರ ತಾರೀಖಿನಲ್ಲಿ ಹೊಸ ಸಾಲು ಸೇರಿಸಬೇಕು. ಮೊದಲು ಹಳೆ ಅಂಕಿಯನ್ನು ಅದರ ತಾರೀಖಿಗೇ ವಾಪಸ್ ಹಾಕಿ. ಏಪ್ರಿಲ್, ಮೇ ಎರಡು ತಿಂಗಳ ವ್ಯತ್ಯಾಸವನ್ನು 'ತುಟ್ಟಿಭತ್ಯೆ ಬಾಕಿ' ಅಂತ ಬೇರೆ ಪೇ ಹೆಡ್ ಮಾಡಿ ಜೂನ್ ಸಂಬಳದಲ್ಲಿ ಕೊಡಿ. ಬೇಸಿಕ್ ಒಳಗೆ ಮುಳುಗಿಸಬೇಡಿ. ನಾಳೆ ಕೇಳಿದವರಿಗೆ ತೋರಿಸಲು ಒಂದು ಸಾಲು ಬೇಕು. ಕೊಟ್ಟಿದ್ದೇವೆ ಅಂತ ರುಜುವಾತು ಮಾಡಬೇಕಾದ ಹೊರೆ ಮಾಲೀಕರ ಮೇಲೇ ಇದೆ. ಬಾಕಿಯನ್ನು ಕೇಳಲು ಕೆಲಸಗಾರನಿಗೆ ಮೊದಲು ಆರು ತಿಂಗಳ ಗಡುವಿತ್ತು, ಸಂಹಿತೆಯಲ್ಲಿ ಅದು ಮೂರು ವರ್ಷ ಆಗಿದೆ. ಹತ್ತು ಪಟ್ಟಿನವರೆಗೆ ಪರಿಹಾರ ಬೇರೆ ಹಾಕಬಹುದು.

ಕರ್ನಾಟಕದಲ್ಲಿ ತುಟ್ಟಿಭತ್ಯೆ ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ಬದಲಾಗುತ್ತದೆ, ಜಾರಿ ಏಪ್ರಿಲ್ 1ಕ್ಕೆ. ವರ್ಷಕ್ಕೊಮ್ಮೆ ಬರುವುದು ಗೊತ್ತೇ ಇದೆಯಲ್ಲ, ಮಾರ್ಚ್ ಕೊನೆಯ ವಾರ ಇಲಾಖೆಯ ಸುತ್ತೋಲೆ ಹುಡುಕುವುದನ್ನು ಫೋನಿನ ರಿಮೈಂಡರ್‌ಗೆ ಹಾಕಿ.

ಎರಡನೆಯದಕ್ಕೆ ಉತ್ತರ ನಿಮ್ಮ ಕಡೆಗಿದೆ. ಏರ್‌ಫ್ರೈಟ್ ಲಿಮಿಟೆಡ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮೂಲ ದರ ಮತ್ತು ತುಟ್ಟಿಭತ್ಯೆ ಸೇರಿಯೇ ಕನಿಷ್ಠ ವೇತನ, ಕೊಡುತ್ತಿರುವುದು ಆ ಒಟ್ಟು ಮೊತ್ತಕ್ಕಿಂತ ಹೆಚ್ಚಿದ್ದರೆ ತುಟ್ಟಿಭತ್ಯೆಯನ್ನು ಬೇರೆಯಾಗಿ ಸೇರಿಸಬೇಕಿಲ್ಲ. ಆದರೆ ಹೋಲಿಸುವುದು ಹೊಸ ಏಪ್ರಿಲ್‌ನ ಒಟ್ಟು ದರದ ಜೊತೆ. ಹೋದ ವರ್ಷ 200 ರೂಪಾಯಿ ಮೇಲಿದ್ದವನು ಈ ಏಪ್ರಿಲ್‌ಗೆ ಕೆಳಗೆ ಹೋಗಿರಬಹುದು. ಪೀಣ್ಯದವರಿಗೆ ಹೇಳಿದ ಮೈನಸ್ ಕಾಲಂ ಇರುವುದು ಅದಕ್ಕೇ.

ತುಟ್ಟಿಭತ್ಯೆ ಅಂದರೆ ಚಿಲ್ಲರೆ ಕಾಸು ಅಂದುಕೊಳ್ಳುವವರು 2020 ನೆನಪಿಸಿಕೊಳ್ಳಲಿ. ಆ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕೆಲಸಗಾರರಿಗೆ ಬರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಕೈಗೆ ಬರತೊಡಗುವಷ್ಟರಲ್ಲಿ 2022 ಬಂದಿತ್ತು. ಲಕ್ಷಗಟ್ಟಲೆ ಜನ, ಹೆಚ್ಚಿನವರು ಹೆಣ್ಣುಮಕ್ಕಳು.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನೋಟಿಸ್ ಬೋರ್ಡ್‌ನಲ್ಲಿ ಹಾಕಿರೋ ರೇಟಿಗಿಂತ ಬ್ಯಾಂಕಿಗೆ ಬರೋದು ಎರಡು ಸಾವಿರ ಕಡಿಮೆ. ಕೇಳಿದರೆ 'ಕಂಪ್ಯೂಟರ್ ಲೆಕ್ಕಮ್ಮ' ಅಂತಾರೆ. ಇದು ಮೋಸಾನಾ?
— ಓದುಗರು, ರಾಮನಗರ

ಉತ್ತರ: ಅಷ್ಟರಿಂದಲೇ ಮೋಸ ಅಂತ ಹೇಳಲಾಗದು ಅಕ್ಕ. ಹೋಲಿಸಬೇಕಾದ್ದು ಬ್ಯಾಂಕಿಗೆ ಬಂದ ದುಡ್ಡನ್ನಲ್ಲ, ಕಡಿತಕ್ಕಿಂತ ಮುಂಚಿನ ಸಂಬಳವನ್ನು. 15,600ರಲ್ಲಿ ಪಿಎಫ್ 12 ಪರ್ಸೆಂಟ್ ಹಿಡಿದರೆ ಗರಿಷ್ಠ ಮಿತಿ 15,000ದ ಲೆಕ್ಕದಲ್ಲಿ 1,800. ಇಎಸ್‌ಐ ಮುಕ್ಕಾಲು ಪರ್ಸೆಂಟ್, 117. ಇವೆರಡರಲ್ಲೇ 1,917 ಹೋಯಿತು. ನಿಮ್ಮ ಎರಡು ಸಾವಿರ ಹೆಚ್ಚುಕಡಿಮೆ ಅದೇ ಇರಬಹುದು.

ಆದರೆ 'ಕಂಪ್ಯೂಟರ್ ಲೆಕ್ಕ' ಅನ್ನುವುದು ಉತ್ತರ ಅಲ್ಲ. ಸಂಬಳದ ಚೀಟಿ ಕೊಡುವುದು ಕಾನೂನು ಪ್ರಕಾರ ಅವರ ಕರ್ತವ್ಯ, ಕೇಳಿ ತಗೊಳ್ಳಿ. ಮೇಲ್ಭಾಗದಲ್ಲಿ ಬೇಸಿಕ್ ಮತ್ತು ವಿಡಿಎ (ತುಟ್ಟಿಭತ್ಯೆ) ಅಂತ ಇರುವ ಎರಡನ್ನು ಕೂಡಿಸಿ. ಎಲ್ಲ ದಿನ ಹೋಗಿದ್ದ ತಿಂಗಳಾಗಿದ್ದರೆ ಅದು ಬೋರ್ಡಿನ ರೇಟಿಗೆ ಸಮ ಅಥವಾ ಜಾಸ್ತಿ ಇರಬೇಕು. ರಜೆ ಹಾಕಿದ್ದರೆ 'ಪೇ ಡೇಸ್' ಅಂತ ಇರುವ ಅಂಕಿ ನೋಡಿ, ನೀವು ಹೋದ ದಿನದ ಲೆಕ್ಕಕ್ಕೆ ತಾಳೆ ಆಗುತ್ತಾ ನೋಡಿ. ಪಿಎಫ್ ನಿಜವಾಗಿ ಜಮಾ ಆಗುತ್ತಿದೆಯಾ ಅಂತ ನಿಮ್ಮ ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ) ನಂಬರ್ ಹಾಕಿ ಪಾಸ್‌ಬುಕ್‌ನಲ್ಲಿ ನೋಡಬಹುದು. ಚೀಟಿಯಲ್ಲಿ ಹಿಡಿದು ಅಲ್ಲಿ ಕಟ್ಟದಿದ್ದರೆ, ಅದು ಮೋಸ.

ಪ್ರಶ್ನೆ: ಬೆಂಗಳೂರಿನಲ್ಲಿ ದರ್ಶಿನಿ ನಡೆಸುತ್ತೇನೆ. ಹುಡುಗರಿಗೆ ಮೂರು ಹೊತ್ತು ಊಟ, ಮಲಗಲು ರೂಮು ನಮ್ಮದೇ. ಅದರ ಬೆಲೆ ಸೇರಿಸಿದರೆ ಕನಿಷ್ಠ ವೇತನ ದಾಟುತ್ತದೆ. ಸಾಫ್ಟ್‌ವೇರ್‌ನಲ್ಲಿ ಹೇಗೆ ತೋರಿಸಲಿ?
— ಮೂಲ ಕುಂದಾಪುರ, ಈಗ ಬೆಂಗಳೂರು

ಉತ್ತರ: ರೂಮಿನ ಬೆಲೆ ವೇತನ ಅಲ್ಲ, ಅದು ಹಳೆ ಕಾಯ್ದೆಯಲ್ಲೂ ಹೊರಗಿತ್ತು, ಈಗಲೂ ಹೊರಗೆ. ದುಡ್ಡಿನ ಬದಲು ವಸ್ತುರೂಪದಲ್ಲಿ ಕೊಟ್ಟದ್ದನ್ನು ಸಂಹಿತೆ ವೇತನ ಅಂತ ಒಪ್ಪುತ್ತದೆ, ಆದರೆ ಒಟ್ಟು ವೇತನದ 15 ಪರ್ಸೆಂಟ್‌ವರೆಗೆ ಮಾತ್ರ. ಹಾಗಾಗಿ 'ಊಟ 5,000, ರೂಮು 4,000' ಅಂತ ಅರ್ನಿಂಗ್ಸ್ ಕಡೆ ಸೇರಿಸಿ ದಾಟಿಸುವುದು ನಡೆಯುವುದಿಲ್ಲ. ಪೂರ್ತಿ ವೇತನವನ್ನು ಗಳಿಕೆಯಲ್ಲಿ ತೋರಿಸಿ. ಹೋಟೆಲ್ ಅಧಿಸೂಚನೆಯ ಷರತ್ತುಗಳನ್ನು ಓದಿ, ಅದು ಅನುಮತಿಸುವಷ್ಟನ್ನೇ ಕಡಿತದ ಕಡೆ ಬೇರೆ ಸಾಲಿನಲ್ಲಿ ಹಾಕಿ. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟುವ ಹಾಗಿಲ್ಲ. ಊರಿಂದ ಬಂದ ಹುಡುಗರಿಗೆ ಊಟ ಹಾಕುವುದು ನಮ್ಮ ಕಡೆಯ ಹೋಟೆಲ್‌ಗಳ ಒಳ್ಳೆ ಪದ್ಧತಿ, ಒಪ್ಪಿದೆ. ಅದನ್ನೇ ಸಂಬಳ ಅಂತ ಬರೆದುಕೊಳ್ಳುವುದು ಬೇಡ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಪಗಾರ ಪೀಸ್ ಲೆಕ್ಕ. ಪೀಸಿಗೆ ಇಷ್ಟು ಅಂದಮೇಲೆ ಕನಿಷ್ಠ ವೇತನ ನಮಗೆ ಬರಂಗಿಲ್ಲ ಅಲ್ವಾ?
— ಬಳ್ಳಾರಿ

ಉತ್ತರ: ಬರುತ್ತದೆ. ದಿನದ ದರ ನಿಗದಿಯಾಗಿರುವ ಕೆಲಸವನ್ನು ನೀವು ಪೀಸ್ ಲೆಕ್ಕದಲ್ಲಿ ಮಾಡಿಸಿದರೂ ದಿನದ ಕನಿಷ್ಠಕ್ಕಿಂತ ಕಡಿಮೆ ಕೊಡುವಂತಿಲ್ಲ. ಪೀಸಿಗೆ 30 ರೂಪಾಯಿ, ಒಬ್ಬರು ದಿನವಿಡೀ ಕೂತು 18 ಹೊಲಿದರೆ 540. ದಿನದ ದರ 600 ಆದರೆ 60 ಸೇರಿಸಿ ಕೊಡಬೇಕು. 25 ಹೊಲಿದವರಿಗೆ 750 ಸಿಗಬೇಕು, ಅದನ್ನು 600ಕ್ಕೆ ಇಳಿಸುವ ಹಾಗಿಲ್ಲ. ಕರೆಂಟ್ ಹೋಗಿ ಅರ್ಧ ದಿನ ಸುಮ್ನೆ ಕೂತರು ಅಂದುಕೊಳ್ಳಿ. ಕೆಲಸಕ್ಕೆ ಅವರು ಸಿದ್ಧರಿದ್ದೂ ನೀವು ಕೆಲಸ ಕೊಡಲಾಗದಿದ್ದರೆ ಪೂರ್ತಿ ದಿನದ ವೇತನಕ್ಕೆ ಅವರು ಹಕ್ಕುದಾರರು.

ಟ್ಯಾಲಿಯಲ್ಲಿ 'ಆನ್ ಪ್ರೊಡಕ್ಷನ್' ಅಂತ ಪೇ ಹೆಡ್ ಇಟ್ಟರೆ ಪೀಸ್ ಲೆಕ್ಕ ಆಗುತ್ತದೆ. ಆದರೆ ಅದಕ್ಕೆ ಪೀಸ್ ಗೊತ್ತು, ದಿನ ಗೊತ್ತಿಲ್ಲ. ಪೀಸ್ ಘಟಕಗಳಲ್ಲಿ ಹಾಜರಾತಿಯನ್ನೇ ಬರೆಯದಿರುವುದು ದೊಡ್ಡ ತೊಡಕು. ಬಂದ ದಿನ, ಪೀಸ್ ಎರಡನ್ನೂ ಎಂಟ್ರಿ ಮಾಡಿ, ಕೊರತೆಗೆ 'ಕನಿಷ್ಠ ವೇತನ ಭರ್ತಿ' ಅಂತ ಒಂದು ಪೇ ಹೆಡ್ ಇಡಿ. ಯಾವ ಪೀಸಿನ ದರ ಎಲ್ಲರಿಗೂ ಭರ್ತಿ ಕೇಳುತ್ತಿದೆಯೋ, ಆ ದರವೇ ಕಡಿಮೆ ಇದೆ ಅಂತ ಗೊತ್ತಾಗುತ್ತದೆ. ಬೀಡಿಯಂಥ ಕೆಲಸದಲ್ಲಿ ದರವೇ ಸಾವಿರ ಬೀಡಿಗೆ ಇಷ್ಟು ಅಂತ ಇರುವುದರಿಂದ ಲೆಕ್ಕ ಬೇರೆ.

ಪ್ರಶ್ನೆ: ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಸೆಕ್ಯುರಿಟಿ ಏಜೆನ್ಸಿ ಪ್ರತಿ ತಿಂಗಳು ಕಂಪ್ಯೂಟರ್ ಪ್ರಿಂಟ್ ಕೊಡುತ್ತದೆ, ಗಾರ್ಡ್‌ಗಳಿಗೆ ಕನಿಷ್ಠ ವೇತನ ಕೊಟ್ಟಿದ್ದೇವೆ ಅಂತ. ಅದನ್ನು ನಂಬಿ ಬಿಲ್ ಪಾಸ್ ಮಾಡಬಹುದಾ?
— ಬೆಂಗಳೂರು

ಉತ್ತರ: ಪ್ರಿಂಟಿನಲ್ಲಿ ಗಂಟೆ ಎಷ್ಟಿದೆ ನೋಡಿ. ನಿಮ್ಮ ಗೇಟಿನಲ್ಲಿ ಗಾರ್ಡ್ ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಎಂಟಕ್ಕೆ ಹೋಗುತ್ತಾರೆ, ಹೌದಲ್ವಾ? ಪ್ರಿಂಟಿನಲ್ಲಿ ಬರೀ '26 ದಿನ' ಅಂತ ಇದ್ದರೆ ದಿನಕ್ಕೆ ನಾಲ್ಕು ಗಂಟೆ ಮಾಯ. ಎಂಟು ಗಂಟೆಯ ದಿನ ಅಂತ ಇಟ್ಟುಕೊಂಡರೆ 600, ಮೇಲಿನ ನಾಲ್ಕು ಗಂಟೆಗೆ ಎರಡರಷ್ಟು ದರದಲ್ಲಿ ಇನ್ನೊಂದು 600. ಊಟಕ್ಕೆ ನಿಜವಾಗಿಯೂ ಒಂದು ಗಂಟೆ ಬಿಟ್ಟಿದ್ದರೆ ಅದನ್ನು ಕಳೆದು 450. ಗೇಟಿನಲ್ಲೇ ಡಬ್ಬಿ ಬಿಚ್ಚಿ ತಿಂದು ಅಲ್ಲಿಂದಲೇ ಬೂಮ್ ಎತ್ತುವುದು ಬಿಡುವಲ್ಲ. ಹೀಗೆ ನೋಡಿದರೆ 12 ಗಂಟೆಯ ಗಾರ್ಡ್‌ಗೆ ತಿಂಗಳ ಕನಿಷ್ಠ ದರ ಕೊಟ್ಟದ್ದು ಅರ್ಧ ಸಂಬಳ ಕೊಟ್ಟ ಹಾಗೆ.

ಏಜೆನ್ಸಿ ಕೊಡದೇ ಹೋದರೆ ಬಾಕಿ ವೇತನದ ಹೊಣೆ ಕೆಲಸ ಮಾಡಿಸಿಕೊಂಡ ನಿಮ್ಮ ಮೇಲೆ ಬರುತ್ತದೆ. ಆದ್ದರಿಂದ ಬಿಲ್ ಜೊತೆ ಗಾರ್ಡ್‌ಗಳ ಬ್ಯಾಂಕ್ ಜಮಾ ವಿವರ, ಪಿಎಫ್ ಚಲನ್ ಕೇಳಿ. ಸಂಘದ ಸಭೆಯಲ್ಲಿ ಮೇಂಟೆನೆನ್ಸ್ ಏರುತ್ತದೆ ಅಂತ ಗಲಾಟೆ ಆಗುತ್ತದೆ, ಅದಕ್ಕೆ ತಯಾರಾಗಿರಿ.

ಪ್ರಶ್ನೆ: ಹತ್ತು ನಿಮಿಷ ತಡವಾಗಿ ಬೆರಳು ಒತ್ತಿದರೆ ಸಾಫ್ಟ್‌ವೇರ್ ಅರ್ಧ ದಿನದ ಸಂಬಳ ಕಟ್ ಮಾಡುತ್ತದೆ. ಇದು ಕಂಪನಿ ಪಾಲಿಸಿಯಂತೆ. ದೂರು ಕೊಡುವುದಾದರೆ ಎಲ್ಲಿ?
— ಹೊಸೂರು ರಸ್ತೆ, ಬೆಂಗಳೂರು

ಉತ್ತರ: ಗೈರುಹಾಜರಿಗೆ ಕಡಿತ ಮಾಡುವುದಾದರೆ ಇಲ್ಲದ ಸಮಯದಷ್ಟಕ್ಕೆ ಮಾತ್ರ, ಅದಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಹತ್ತು ನಿಮಿಷಕ್ಕೆ ಹತ್ತು ನಿಮಿಷದ ಸಂಬಳ, ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆ ರೂಪಾಯಿ. ಅವರು ಹಿಡಿಯುತ್ತಿರುವುದು 300. ಕನಿಷ್ಠ ದರದಲ್ಲೇ ಇರುವವರಿಗೆ ಹೀಗೆ ಎರಡು ಸಲ ಆದರೆ ಆ ತಿಂಗಳ ವೇತನ ಕನಿಷ್ಠಕ್ಕಿಂತ ಕೆಳಗೆ ಹೋಯಿತು. ಪಾಲಿಸಿ ಅಂತ ಹೆಸರಿಟ್ಟ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ.

ಮೊದಲು ಎಚ್‌ಆರ್‌ಗೆ ಬರಹದಲ್ಲಿ ಕೇಳಿ, ಇಮೇಲ್ ಆದರೂ ಸಾಕು. ಆ ತಿಂಗಳ ಸ್ಲಿಪ್ ಮತ್ತು ಹಾಜರಾತಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಕೆಲಸ ಬಿಟ್ಟ ಮರುದಿನ ಲಾಗಿನ್ ಬಂದ್ ಆಗುತ್ತದೆ. ಸರಿ ಮಾಡದಿದ್ದರೆ ನಿಮ್ಮ ಪ್ರದೇಶದ ಲೇಬರ್ ಇನ್ಸ್‌ಪೆಕ್ಟರ್‌ಗೆ ದೂರು ಕೊಡಿ. ಯಾರು ಅಂತ ಗೊತ್ತಾಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಕಡಿಮೆ ಕೊಟ್ಟದ್ದು ಸಾಬೀತಾದರೆ ಸಂಹಿತೆಯಲ್ಲಿ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.  ನೀವೊಬ್ಬರೇ ಹೋಗುವ ಬದಲು ಕಟ್ ಆದ ನಾಲ್ಕಾರು ಜನರ ಸ್ಲಿಪ್ ಒಟ್ಟಿಗೆ ತಗೊಂಡು ಹೋಗಿ.